ಪದ ಬೇಕು, ತುರ್ತು: ಥ್ರಾಟಲ್ ಬಾಡಿಯ ‘ಸೀಲ್’ ಮತ್ತು ‘ಸೆನ್ಸರ್’

ಫ್ಯುಯಲ್ ಇಂಜೆಕ್ಷನ್ ಬೈಕಿನ ಸರ್ವಿಸ್ ಕೈಪಿಡಿ ನಾಳೆ ಅಚ್ಚಿಗೆ ಹೋಗಬೇಕು. ನಿಘಂಟು ‘ಸೀಲ್’ಗೆ ಮೊಹರು, ಮುದ್ರೆ ಅನ್ನುತ್ತದೆ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿದು ಬಿಡುವ ಥ್ರಾಟಲ್ ಬಾಡಿಗೂ ಇನ್‌ಟೇಕ್ ಮ್ಯಾನಿಫೋಲ್ಡಿಗೂ (ಆ ಗಾಳಿ ಒಯ್ಯುವ ಕೊಳವೆ) ನಡುವೆ ಕೂರುವ ರಬ್ಬರನ್ನು ಮೊಹರು ಅನ್ನುವುದು ಹೇಗೆ? ಸದ್ಯಕ್ಕೆ ಬರೆದಿರುವುದು: ‘ಸೋರುತಡೆ ಸವೆದರೆ ಗಾಳಿ ಸೋರಿ ಐಡಲ್ ಏರುತ್ತದೆ. ಸಂವೇದಕವನ್ನು ಬಿಚ್ಚಿ ಪರೀಕ್ಷಿಸಿ.’ ಸರಿಯೇ?

ಮರು:
ಸೋರುತಡೆ ಬೇಡ. ಅದು ದುಂಡನೆಯ ರಬ್ಬರ್ ಬಳೆ. ಬಳಸು ಎಂದರೆ ಸುತ್ತುವರಿ. ಬಳೆ, ತಮಿಳಿನ ವಳೈ ಎಲ್ಲ ಅದೇ ಬೇರಿನವು. ಇರುವ ಪದ ಬಿಟ್ಟು ಹೊಸತು ಕಟ್ಟುವ ದರ್ದೇನು? ಸಂವೇದಕ ಸಂಸ್ಕೃತ, ‘ಅರಿಕ’ ಮಾಡಿ.

ಮರು:
‘ಅರಿಕವನ್ನು ಬಿಚ್ಚಿ’ ಎಂದರೆ ಅರಿಕೆಯ ಅಚ್ಚುತಪ್ಪು ಅಂದುಕೊಂಡಾರು. ಮೆಕ್ಯಾನಿಕ್ ಸೆನ್ಸರ್ ಅನ್ನುತ್ತಾನೆ. ಮುಗಿಯಿತು.

ಮರು:
ನಾಮಪದ ಏನಾದರೂ ಇಟ್ಟುಕೊಳ್ಳಿ ಮಾರಾಯರೆ, ಕೆಟ್ಟಿರುವುದು ಕ್ರಿಯಾಪದ. ಮೂರೂ ತಪ್ಪು.

‘ಸೋರಿ’: ಐಡಲಿನಲ್ಲಿ (ಥ್ರಾಟಲ್ ತಿರುಗಿಸದೆ ಎಂಜಿನ್ ಸುಮ್ಮನೆ ಓಡುವಾಗ) ಬಟರ್‌ಫ್ಲೈಯಿಂದಾಚೆ (ಥ್ರಾಟಲ್ ಬಾಡಿಯೊಳಗೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ), ಎಂಜಿನ್ ಕಡೆ, ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ರಬ್ಬರ್ ಬಿರಿದರೆ ಏನೂ ಹೊರಗೆ ಸೋರದು, ಎಂಜಿನ್ನೇ ಗಾಳಿ ಎಳೆಯುತ್ತದೆ. ಗ್ಯಾರೇಜಿನಲ್ಲಿ ‘ಗಾಳಿ ಎಳೀತಿದೆ’ ಅನ್ನುವುದು ಇದಕ್ಕೇ. ‘ಸೋರಿ’ ಎಂದು ಓದಿದವನು ಸೋಪಿನ ನೀರು ಹಚ್ಚಿ ಗುಳ್ಳೆಗೆ ಕಾಯುತ್ತಾ ಕೂರುತ್ತಾನೆ, ಗುಳ್ಳೆ ಏಳುವುದೇ ಇಲ್ಲ. ಐಡಲಿನಲ್ಲಿ ಓಡುತ್ತಿರುವಾಗ ಸೇರುವ ಜಾಗಕ್ಕೆ ಸ್ವಲ್ಪವೇ ನೀರು ಚಿಮುಕಿಸಿದಾಗ (ಕನೆಕ್ಟರುಗಳ ಮೇಲಲ್ಲ) ಆರ್‌ಪಿಎಂ ಬದಲಾದರೆ ಬಿರುಕು ಅಲ್ಲೇ. ‘ಸೋರು’, ‘ಜಿನುಗು’ ಪೆಟ್ರೋಲು ಚಿಮ್ಮುವ ಇಂಜೆಕ್ಟರಿನ ಮೇಲ್ತುದಿಯ ಓ-ರಿಂಗಿಗೆ (ದುಂಡು ರಬ್ಬರ್ ಬಳೆ) ಸಲ್ಲುತ್ತವೆ; ಅಲ್ಲಿ ಪೆಟ್ರೋಲು ಹಲವು ಬೈಕುಗಳಲ್ಲಿ ಸುಮಾರು 3 ಬಾರ್ ಒತ್ತಡದಲ್ಲಿರುತ್ತದೆ, ಒತ್ತಡ ಇಳಿಸದೆ ಕೈ ಹಾಕಬಾರದು.

‘ಸವೆದರೆ’: ಅಲುಗದ ರಬ್ಬರ್ ಸವೆಯುವುದೆಲ್ಲಿ? ಬಿಸಿಗೆ ಗಡಸಾಗಿ ಬಿರಿಯುತ್ತದೆ, ಅದುಮಿ ಚಪ್ಪಟೆಯಾಗುತ್ತದೆ, ಕಾರ್ಬ್ ಕ್ಲೀನರ್ (ಕಾರ್ಬುರೇಟರ್ ತೊಳೆಯುವ ದ್ರಾವಣ) ತಾಗಿದರೆ ಉಬ್ಬುತ್ತದೆ. ಉಬ್ಬಿದ್ದು ತನ್ನ ತೋಡಿನಲ್ಲಿ ಮತ್ತೆ ಕೂರುವುದಿಲ್ಲ, ಹೊಸದೇ ಬೇಕು.

‘ಬಿಚ್ಚಿ’ ಎಲ್ಲಕ್ಕಿಂತ ಅಪಾಯ. ಇಗ್ನಿಷನ್ ಆಫ್ ಮಾಡಿ ಕನೆಕ್ಟರ್ ಕಳಚಬಹುದು. ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರಿನ ಸ್ಕ್ರೂ ಸಡಿಲಿಸಬಾರದು. ಅದು ಕೂದಲೆಳೆ ತಿರುಗಿದರೂ ಮುಚ್ಚಿದ ಥ್ರಾಟಲನ್ನು ಇಸಿಯು (ಎಂಜಿನ್ನಿನ ಕಂಪ್ಯೂಟರ್) ತೆರೆದಿದೆ ಎಂದು ಓದಬಹುದು. ಇಸಿಯು 5 ವೋಲ್ಟ್ ಕೊಡುವ ಮೂರು ವೈರಿನ ಸೆನ್ಸರಿನಲ್ಲಿ ಕನೆಕ್ಟರ್ ಹಾಕಿದಂತೆಯೇ, ಕೀ ಆನ್ ಮಾಡಿ ಸಿಗ್ನಲ್ ವೈರ್ ಅಳೆಯಬೇಕು. ಥ್ರಾಟಲ್ ನಿಧಾನ ತಿರುಗಿಸಿದಾಗ ವೋಲ್ಟೇಜ್ ಒಂದೇ ಸಮ ಏರಬೇಕು, ನಡುವೆ ಜಿಗಿದರೆ ಒಳಗಿನ ಪಟ್ಟಿ ಸವೆದಿರಬಹುದು. ನಿಮ್ಮ ‘ಸವೆದರೆ’ಗೆ ಜಾಗ ಅದು.

ಮರು:
ಹಾಗಾದರೆ ಕ್ರಿಯಾಪದ ಕನ್ನಡ, ನಾಮಪದವೆಲ್ಲ ಇಂಗ್ಲಿಷ್. ಚೆನ್ನಾಗಿದೆ.

ಮರು:
ಮೊಹರು ಫಾರಸಿ, ಮೇಜು ಪೋರ್ಚುಗೀಸ್. ವಾಪಸ್ ಕಳಿಸೋಣವೇ?

ಮರು:
ಮೇಜು ನಾಲಗೆಗೆ ಒಗ್ಗಿದೆ. ‘ಥ್ರಾಟಲ್ ಪೊಸಿಷನ್ ಸೆನ್ಸರ್’ ಒಗ್ಗಿದೆಯೇ?

ಮರು:
ಟಿಪಿಎಸ್ ಅನ್ನುತ್ತಾರೆ. ಒಗ್ಗಿದೆ.

ಮರು:
ಕೇಳಿದವನು. ಕೊನೆಗೆ ಇಟ್ಟದ್ದು: ‘ಓ-ರಿಂಗ್ ಬಿರಿದರೆ ಎಂಜಿನ್ ಅಲ್ಲಿಂದ ಗಾಳಿ ಎಳೆದು ಐಡಲ್ ಏರುತ್ತದೆ. ಟಿಪಿಎಸ್ ಸ್ಕ್ರೂ ಸಡಿಲಿಸಬೇಡಿ.’

ಮರು:
‘ಬಳೆ ಬಿರಿದರೆ’ ಅಂದಿದ್ದರೆ ಏನು ಕಡಿಮೆಯಾಗುತ್ತಿತ್ತು?

ಮರು:
ಬಳೆ ಒಡೆಯುತ್ತದೆ, ಬಿರಿಯುವುದಿಲ್ಲ.