ನಂದಿ ದೇವಾಲಯದ ಹಳೆಯ ಛಾಯಾಚಿತ್ರ: ಕಾಲವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಂದಿತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ಬಂಧುಗಳ ಮನೆಯ ಹಳೆಯ ಪೆಟ್ಟಿಗೆಯಲ್ಲಿ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಛಾಯಾಚಿತ್ರವೊಂದು ದೊರೆತಿದೆ. ತೆಳುವಾದ, ತುಸು ಹೊಳಪಿರುವ ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಲಾಗಿದ್ದು, ಚಿತ್ರ ಕಂದುಬಣ್ಣಕ್ಕೆ ತಿರುಗಿದೆ. ಶಿಖರ, ಅದರ ಹಿಂದೆ ಬೆಟ್ಟದ ಏಣು ಸ್ಪಷ್ಟವಾಗಿವೆ. ಆಕಾಶದಲ್ಲಿ ಮಾತ್ರ ಏನೂ ಇಲ್ಲದ ಬರಿಯ ಬಿಳುಪು. ಕಂಬದ ಪಕ್ಕದಲ್ಲಿ ಪಂಚೆಯುಟ್ಟು ರುಮಾಲು ಸುತ್ತಿದ ಒಬ್ಬರು ನೆಟ್ಟಗೆ ನಿಂತಿದ್ದಾರೆ. ಅವರ ಹಿಂದೆ ಇನ್ನೊಬ್ಬರ ಆಕೃತಿ ಅರೆಬರೆ ಮೂಡಿದೆ. ಕೆಳಮೂಲೆಯಲ್ಲಿ ಬಿಳಿ ಅಂಕಿಗಳಲ್ಲಿ ಒಂದು ಸಂಖ್ಯೆಯಿದೆ, ಛಾಯಾಗ್ರಾಹಕರ ಹೆಸರಿಲ್ಲ.

ಇದು ಯಾವ ಕಾಲದ್ದಿರಬಹುದು? ಆಕಾಶವನ್ನು ಯಾರಾದರೂ ಅಳಿಸಿದ್ದಾರೆಯೇ? ನಿಂತಿರುವ ವ್ಯಕ್ತಿಯನ್ನು ಏಕೆ ನಿಲ್ಲಿಸಿರಬಹುದು? ದೇವಾಲಯದ ಹಿಂದಿನ ರೂಪಕ್ಕೆ ಇದನ್ನು ಸಾಕ್ಷಿಯೆಂದು ನಂಬಬಹುದೇ? ಇದರ ದೊಡ್ಡ ಪ್ರತಿಯೊಂದನ್ನು ಕನ್ನಡದ ವಿವರಣೆಯೊಂದಿಗೆ ಊರಿನ ಶಾಲೆಯಲ್ಲಿ ಹಾಕಬೇಕೆಂಬ ಆಸೆಯಿರುವುದರಿಂದ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಗಾಜುಫಲಕ (ತುಮಕೂರು)

ಆಕಾಶವನ್ನು ಯಾರೂ ಅಳಿಸಿರಬೇಕಾಗಿಲ್ಲ. 1851ರಲ್ಲಿ ಬಳಕೆಗೆ ಬಂದ, ಕೊಲೋಡಿಯನ್ ಎಂಬ ಅಂಟುದ್ರವದ ಲೇಪವಿರುವ ಗಾಜಿನ ಫಲಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು, ಹಳದಿ ಬಣ್ಣಗಳು ಬಹುಮಟ್ಟಿಗೆ ಕಾಣುತ್ತಿರಲಿಲ್ಲ. ಹೀಗಾಗಿ ಕಲ್ಲಿನ ವಿವರ ಮೂಡುವಷ್ಟು ಹೊತ್ತು ಕ್ಯಾಮೆರಾ ತೆರೆದಿಟ್ಟರೆ ನೀಲಿ ಆಕಾಶವು ಅತಿಯಾಗಿ ಬೆಳಗಿ ಬಿಳುಪಾಗಿಬಿಡುತ್ತಿತ್ತು. ಹಿಂದಿನ ಮಸುಕಾದ ಆಕೃತಿಯೂ ಇದೇ ಮಾತನ್ನು ಹೇಳುತ್ತದೆ: ಕೆಲವು ಕ್ಷಣಗಳ ಕಾಲ ಅಲುಗದೆ ನಿಂತವರು ಸ್ಪಷ್ಟವಾಗಿ ಉಳಿದರು, ನಡುವೆ ಹೊರಟುಹೋದವರು ಅರ್ಧ ಮಾತ್ರ ದಾಖಲಾದರು.

ತಾವು ಹೇಳುವ ಕಾಗದ ಮೊಟ್ಟೆಯ ಬಿಳಿಲೋಳೆ ಹಚ್ಚಿದ ಆಲ್ಬುಮೆನ್ ಕಾಗದವಾಗಿರುವ ಸಂಭವ ಹೆಚ್ಚು. 1850ರಿಂದ ಸುಮಾರು 1890ರ ದಶಕದವರೆಗೆ ಅದು ಎಲ್ಲೆಡೆ ಬಳಕೆಯಲ್ಲಿತ್ತು, ಆದ್ದರಿಂದ ಕಾಗದವೊಂದನ್ನೇ ನೋಡಿ ವರ್ಷ ಹೇಳಲಾಗದು. ಬಿಳಿ ಸಂಖ್ಯೆಯನ್ನು ಮೂಲ ಫಲಕದ ಮೇಲೆ ಮಸಿಯಿಂದ ತಿರುವುಮುರುವಾಗಿ ಬರೆದಿರುತ್ತಾರೆ; ಮಸಿ ಬೆಳಕನ್ನು ತಡೆಯುವುದರಿಂದ ಅದು ಮುದ್ರಣದಲ್ಲಿ ಬೆಳ್ಳಗೆ ಕಾಣುತ್ತದೆ. ಇದು ಮಾಲಿಕೆಯೊಂದರ ಭಾಗವೆಂಬುದಕ್ಕೆ ಸುಳಿವು. ಎಲ್ಲವನ್ನೂ ಸೇರಿಸಿ ನೋಡಿದರೆ 1860 ಮತ್ತು 1880ರ ನಡುವಿನ ಕಾಲವನ್ನು ನಾನು ಊಹಿಸುತ್ತೇನೆ. ಆದರೆ ಮಂಟಪದ ನೆರಳಿನಲ್ಲಾದರೆ ಮುಂದೆ ಬಂದ ಒಣಫಲಕಕ್ಕೂ (ಲೇಪ ಒಣಗಿದ ಮೇಲೆ ಬಳಸುವ ಗಾಜಿಗೂ) ಹೆಚ್ಚು ಸಮಯ ಬೇಕಾಗುತ್ತಿದ್ದುದರಿಂದ, ವಿವರಣೆಯಲ್ಲಿ ‘ಸುಮಾರು’ ಎಂಬ ಮಾತು ಇರಲೇಬೇಕು.

ಆ ಕಾಲದ ಶ್ರಮವನ್ನೂ ಮಕ್ಕಳಿಗೆ ತಿಳಿಸಿ. ಗಾಜಿಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ, ಅಂದರೆ ಹತ್ತು ಹದಿನೈದು ನಿಮಿಷಗಳೊಳಗೆ, ಚಿತ್ರ ತೆಗೆದು ಅಲ್ಲೇ ತೊಳೆಯಬೇಕಾಗಿದ್ದರಿಂದ ಕತ್ತಲೆಯ ಡೇರೆ, ನೀರು, ಗಾಜು, ಔಷಧದ ಸೀಸೆಗಳೆಲ್ಲವೂ ದೇವಾಲಯದ ಬಾಗಿಲಿಗೇ ಬರಬೇಕಾಗಿತ್ತು. ಅವನ್ನು ಹೊತ್ತು ತಂದವರ ಹೆಸರುಗಳು ಆ ಮಾಲಿಕೆಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಉತ್ತರ: ಶಾಸನಾಸಕ್ತ (ಕೋಲಾರ)

ಮೇಲಿನವರ ಮಾತಿಗೆ ನಮ್ಮ ಸೀಮೆಯ ಸಂಗತಿಯೊಂದನ್ನು ಸೇರಿಸುತ್ತೇನೆ. 1850ರ ದಶಕದ ಪ್ರಸಿದ್ಧ ಛಾಯಾಗ್ರಾಹಕರನ್ನು ಸೆಳೆದದ್ದು ಹೆಚ್ಚಾಗಿ ಹೊಯ್ಸಳ, ಚಾಲುಕ್ಯ, ವಿಜಯನಗರದ ಕಟ್ಟಡಗಳು. ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ಕಡೆ ಬಂದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ದಾಖಲಿಸಿದರು. ವೈದ್ಯರಾಗಿದ್ದ ನೀಲ್ ಮತ್ತು ಪಿಗೂ ಅವರ ಧಾರವಾಡ, ಮೈಸೂರು ಪ್ರಾಂತಗಳ ಚಿತ್ರಗಳು 1866ರಲ್ಲಿ ಗ್ರಂಥರೂಪದಲ್ಲಿ ಬಂದವು. ನಂದಿ, ಆವನಿ, ಕುರುಡುಮಲೆ, ಅರಳಗುಪ್ಪೆಗಳಂಥ ಊರುಗಳು ಆ ಕೀರ್ತಿಯ ನೆರಳಿನಲ್ಲೇ ಉಳಿದವು. ಇದು ನನಗೆ ಇಂದಿಗೂ ಅನ್ಯಾಯವಾಗಿ ಕಾಣುತ್ತದೆ.

ಆದರೆ ಶಾಸನಗಳ ವಿಷಯದಲ್ಲಿ ಕ್ಯಾಮೆರಾ ನಮಗೆ ಬೇರೊಂದು ರೀತಿಯಲ್ಲಿ ಒದಗಿತು. 1865ರಲ್ಲಿ, ಬೌರಿಂಗ್ ಅವರು ಮೈಸೂರಿನ ಕಮಿಷನರ್ ಆಗಿದ್ದಾಗ, ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಸರ್ಕಾರಕ್ಕಾಗಿ ಸುಮಾರು 150 ಶಿಲಾಶಾಸನ, ತಾಮ್ರಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಶಾಸನತಜ್ಞ ಬಿ. ಎಲ್. ರೈಸ್ ಅವರು 1879ರಲ್ಲಿ ಪ್ರಕಟಿಸಿದ ಮೈಸೂರಿನ ಶಾಸನಗಳ ಅನುವಾದಕ್ಕೆ ಈ ಚಿತ್ರಗಳೇ ಆಧಾರವಾದವು. ಮುಂದೆ ಅವರು ಜಿಲ್ಲೆವಾರು ಸಂಪುಟಗಳನ್ನು ಹೊರತಂದಾಗ ತುಮಕೂರಿನದು 1904ರಲ್ಲಿ, ಕೋಲಾರದ್ದು 1905ರಲ್ಲಿ ಬಂತು. ಆಗ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯಲ್ಲೇ ಇದ್ದುದರಿಂದ ನಂದಿಯ ಶಾಸನಗಳನ್ನು ಕೋಲಾರದ ಸಂಪುಟದಲ್ಲೇ ಹುಡುಕಬೇಕು.

ಸಾಕ್ಷಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಬಾಣ, ನೊಳಂಬ, ಚೋಳ, ಹೊಯ್ಸಳ, ವಿಜಯನಗರದವರೆಲ್ಲರ ಕೈ ಸೇರಿ ಬೆಳೆದ ಆ ದೇವಾಲಯದ ‘ಮೂಲರೂಪ’ವನ್ನು ಯಾವ ಛಾಯಾಚಿತ್ರವೂ ತೋರಿಸಲಾರದು. ಆ ದಿನ ಏನಿತ್ತೆಂಬುದನ್ನು ಮಾತ್ರ, ಅದೂ ಒಂದೇ ದಿಕ್ಕಿನಿಂದ, ತೋರಿಸುತ್ತದೆ. ಬಿದ್ದ ಕಲ್ಲು, ಗೋಡೆಗೆ ಹಚ್ಚಿದ ಸುಣ್ಣ, ಆಮೇಲೆ ಸೇರಿದ ಗೋಡೆ ಇವುಗಳ ಬಗ್ಗೆ ಅದನ್ನು ಧೈರ್ಯವಾಗಿ ನಂಬಬಹುದು. ಚಿತ್ರದಲ್ಲಿ ಶಾಸನವಿದ್ದರೆ ಮಾತ್ರ ಎಚ್ಚರ ಬೇಕು, ಏಕೆಂದರೆ ಅಕ್ಷರಗಳಿಗೆ ಬಿಳಿ ಬಣ್ಣ ತುಂಬಿ ಚಿತ್ರ ತೆಗೆಯುವ ರೂಢಿಯಿತ್ತು. ಬಣ್ಣ ತುಂಬಿದವರು ತಪ್ಪಾಗಿ ಓದಿದ್ದರೆ ಚಿತ್ರದಲ್ಲಿಯೂ ತಪ್ಪೇ ಕಾಣುತ್ತದೆ.

ಉತ್ತರ: ಬೆಟ್ಟದೂರು (ಮಧುಗಿರಿ)

ಕಂಬದ ಪಕ್ಕದ ವ್ಯಕ್ತಿಯ ಬಗ್ಗೆ ಯಾರೂ ಹೇಳಲಿಲ್ಲ. ಕಟ್ಟಡದ ಎತ್ತರ ನೋಡುವವರಿಗೆ ತಿಳಿಯಲೆಂದು ಆಳನ್ನು ನಿಲ್ಲಿಸುವುದು ಆಗ ಸಾಮಾನ್ಯವಾಗಿತ್ತು. ಅವರು ಅರ್ಚಕರೋ, ಊರಿನ ರೈತರೋ, ಸಾಮಾನು ಹೊತ್ತು ಬಂದವರೋ ಎಂಬುದು ಉಡುಪಿನಿಂದ ಮಾತ್ರ ತೀರ್ಮಾನವಾಗದು. ಅದೇ ಕಾಲದಲ್ಲಿ, 1868ರಿಂದ 1875ರವರೆಗೆ, ಭಾರತದ ಜನರನ್ನು ಜಾತಿ ಬುಡಕಟ್ಟುಗಳ ಮಾದರಿಗಳಂತೆ ಜೋಡಿಸಿದ 8 ಸಂಪುಟಗಳ ಚಿತ್ರಗ್ರಂಥವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಮುಖಗಳ ಕೆಳಗೆ ಇಡೀ ಸಮುದಾಯದ ಗುಣಾವಗುಣಗಳನ್ನು ಬರೆದದ್ದನ್ನು ಓದಿದರೆ ಮನಸ್ಸಿಗೆ ನೋವಾಗುತ್ತದೆ. ಕೆಂಪು, ಹಳದಿ ಕಾಣದ ಆ ಫಲಕಗಳಲ್ಲಿ ನಮ್ಮವರ ಮೈಬಣ್ಣ ಇದ್ದುದಕ್ಕಿಂತ ಕಪ್ಪಾಗಿಯೂ, ಅರಿಸಿನ ಕುಂಕುಮಗಳು ಕರಿಯ ಕಲೆಗಳಾಗಿಯೂ ಮೂಡುತ್ತಿದ್ದವೆಂಬುದನ್ನು ಅಂಥ ಗ್ರಂಥ ತಿರುವುವವರು ಮರೆಯಬಾರದು.

ಆದ್ದರಿಂದ ತಮ್ಮ ವಿವರಣೆಯಲ್ಲಿ ಆ ವ್ಯಕ್ತಿಗೆ ಜಾತಿ, ಕಸುಬುಗಳನ್ನು ಊಹಿಸಿ ಅಂಟಿಸಬೇಡಿ. ‘ಹೆಸರು ತಿಳಿಯದ ಒಬ್ಬರು’ ಎಂದು ಗೌರವದಿಂದ ಬರೆದರೆ ಸಾಕು. ಮೊದಲು ಚಿತ್ರವನ್ನು ಊರಿನ ಹಿರಿಯರಿಗೆ ತೋರಿಸಿ; ಕಂಬದ ಗುರುತು, ಕಲ್ಯಾಣಿಗೆ ಹೋಗುವ ದಾರಿ ಅವರಿಗೆ ತಿಳಿದಿರುತ್ತದೆ.

ನಂದಿತಪ್ಪಲು

ಮೂವರಿಗೂ ಕೃತಜ್ಞತೆಗಳು. ಛಾಯಾಗ್ರಾಹಕರು ನಿಂತಿದ್ದ ಜಾಗವನ್ನು ಇಂದು ಗುರುತಿಸಲು ಸಾಧ್ಯವೇ?

ಗಾಜುಫಲಕ

ಖಂಡಿತ ಸಾಧ್ಯ. ಶಿಖರದ ತುದಿ ಬೆಟ್ಟದ ಏಣಿನ ಯಾವ ತಗ್ಗಿಗೆ ಸರಿಯಾಗಿ ಕೂಡುತ್ತದೆಂದು ಹಳೆಯ ಚಿತ್ರದಲ್ಲಿ ಗುರುತು ಮಾಡಿಕೊಂಡು, ಅಂಗಳದಲ್ಲಿ ಅದೇ ಹೊಂದಾಣಿಕೆ ಸಿಗುವವರೆಗೆ ಎಡಬಲಕ್ಕೆ ಸರಿಯಿರಿ. ಆಮೇಲೆ ಎರಡು ಕಂಬಗಳ ನಡುವಿನ ಅಂತರ ಚಿತ್ರದಲ್ಲಿದ್ದಂತೆ ಕಾಣುವವರೆಗೆ ಹಿಂದೆ ಮುಂದೆ ನಡೆಯಿರಿ. ಬೆಳಕಿಗೆ ಸಿಕ್ಕಷ್ಟೂ ಆಲ್ಬುಮೆನ್ ಕಾಗದ ಮಾಸುತ್ತದೆ. ಆದುದರಿಂದ ಅಂಗಳಕ್ಕೆ ಮೂಲಪ್ರತಿಯನ್ನು ಒಯ್ಯದೆ, ಸ್ಕ್ಯಾನ್ ಮಾಡಿಸಿದ ಪ್ರತಿಯನ್ನು ಒಯ್ಯಿರಿ. ಮೂಲಕ್ಕೆ ನೀರು, ಅಂಟುಪಟ್ಟಿ, ಲ್ಯಾಮಿನೇಷನ್ ಯಾವುದನ್ನೂ ಸೋಕಿಸಬೇಡಿ.