‘ತೋಟದ ಮನೆ’ ಗುಂಪಿನಲ್ಲಿ ಭೂತಾನದ ಅಡಿಕೆ

ದೊಡ್ಡಪ್ಪ (ಸಾಗರ), ಬೆಳಿಗ್ಗೆ 6.40
(ಫಾರ್ವರ್ಡ್ ಆಗಿ ಬಂದ ಮನವಿ ಪತ್ರ) “ಭೂತಾನದಿಂದ ಪ್ರತಿವರ್ಷ 17,000 ಟನ್ ಅಡಿಕೆಯನ್ನು ಆಮದು ಮಾಡಿಕೊಳ್ಳಲು 2022ರಲ್ಲಿ ಅನುಮತಿ ನೀಡಲಾಗಿದೆ. ನೆರೆಯ ದೇಶಗಳೊಂದಿಗೆ ಮಾಡಿಕೊಂಡಿರುವ ಎಲ್ಲ ವ್ಯಾಪಾರ ಒಪ್ಪಂದಗಳಿಂದಲೂ ಭಾರತವು ಕೂಡಲೇ ಹೊರಬರಬೇಕೆಂದು ಮಲೆನಾಡಿನ ಬೆಳೆಗಾರರಾದ ನಾವು ಒತ್ತಾಯಿಸುತ್ತೇವೆ.”
ಇದಕ್ಕೆ ನಮ್ಮ ಮನೆತನದವರೆಲ್ಲರೂ ಸಹಿ ಹಾಕಬೇಕು. ಭಾನುವಾರದೊಳಗೆ ನಿಮ್ಮ ನಿಮ್ಮ ಹೆಸರು, ಊರು ಬರೆದು ಕಳುಹಿಸಿರಿ.

ಅಕ್ಕ (ಚಿಕ್ಕಬಳ್ಳಾಪುರ), 7.15
ದೊಡ್ಡಪ್ಪ, ಮೊದಲ ವಾಕ್ಯದ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯದಕ್ಕೆ ನಾನು ಸಹಿ ಹಾಕಲಾರೆ. 2020ರ ಸೆಪ್ಟೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಷೇಧವಾದಾಗ ನಮ್ಮ ಮಾವನವರು ಗುಲಾಬಿ ಈರುಳ್ಳಿಯನ್ನು ಕಿತ್ತು ಜಮೀನಿನಲ್ಲೇ ರಾಶಿ ಹಾಕಿಸಿದ್ದರು. ನಿಂಬೆ ಗಾತ್ರದ ಆ ಖಾರದ ಗಡ್ಡೆಯನ್ನು ನಮ್ಮೂರಿನ ಅಡುಗೆಮನೆಗಳಲ್ಲಿ ಕೇಳುವವರೇ ಇಲ್ಲ. ಅದು ಹೋಗುವುದೆಲ್ಲ ಶ್ರೀಲಂಕಾ, ಮಲೇಷ್ಯಾ, ಸಿಂಗಪುರಗಳಿಗೆ. ಅಕ್ಟೋಬರ್‌ನಲ್ಲಿ ಚೆನ್ನೈ ಬಂದರಿನ ಮೂಲಕ 10,000 ಟನ್ ಕಳುಹಿಸಲು ಅವಕಾಶ ಸಿಗುವ ಹೊತ್ತಿಗೆ ರಾಶಿಯ ಅಡಿಭಾಗ ಮಳೆಗೆ ಮೊಳಕೆಯೊಡೆದಿತ್ತು. ಗಡಿಯ ಬಾಗಿಲು ಹಾಕಿದರೆ ಆಚೆಯವರ ಮೂಗು ಮಾತ್ರ ಸಿಕ್ಕಿಕೊಳ್ಳುತ್ತದೆಂದು ತಿಳಿಯಬೇಡಿ.

ದೊಡ್ಡಪ್ಪ (ಸಾಗರ), 7.32
ನಿಮ್ಮ ಈರುಳ್ಳಿ ಹೊರಗೆ ಹೋಗುವ ಮಾಲು, ನಮ್ಮ ಅಡಿಕೆಗೆ ಕುತ್ತಾಗಿರುವುದು ಒಳಗೆ ಬರುವ ಮಾಲು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಬರುವುದಿಲ್ಲ. ‘ಹೊರಗಿನ ಮಾಲು ಬಂದಿದೆಯಂತೆ’ ಎಂದು ಮಂಡಿಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಸಾಕು, ಮರುದಿನದ ಟೆಂಡರಿನಲ್ಲಿ ದರ ಇಳಿದಿರುತ್ತದೆ. ಎಲೆಚುಕ್ಕಿ ರೋಗದಿಂದ ಅರ್ಧ ತೋಟ ಸೊರಗಿರುವಾಗ ಇದನ್ನೂ ತಾಳಿಕೊಳ್ಳಬೇಕೇ?

ನಾನು (ಚೆನ್ನೈ), 8.05
ದೊಡ್ಡಪ್ಪ, ನೀವು ಹೇಳುವ ಮಂಡಿಯ ಮಾತು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನವಿ ಪತ್ರವು 17,000 ಟನ್ ‘ಅಡಿಕೆ’ ಎಂದಷ್ಟೇ ಬರೆದು ‘ಹಸಿ’ ಎಂಬ ಪದವನ್ನು ಕೈಬಿಟ್ಟಿದೆ. ಅನುಮತಿ ಇರುವುದು ಭೂತಾನದ ಗಡಿಯ ಜೈಗಾಂವ್ ಸುಂಕದ ಕಟ್ಟೆಯ ಮೂಲಕ ಬರುವ ಹಸಿ ಅಡಿಕೆಗೆ ಮಾತ್ರ. ಒಂದು ಕ್ವಿಂಟಾಲ್ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರಿನ ಬಣ್ಣ ಹಾಕಿ ಒಣಗಿಸಿದರೆ 12ರಿಂದ 14 ಕಿಲೋ ಕೈಗೆ ಬಂದೀತೆಂದು ಅಂಗಳದ ಅಟ್ಟದ ಮೇಲೆ ನಿಂತು ನನಗೆ ಕಲಿಸಿದವರು ನೀವೇ. ಆ ಲೆಕ್ಕದಲ್ಲಿ ಭೂತಾನದಿಂದ ಬರುವುದು ಹೆಚ್ಚೆಂದರೆ ಎರಡೂವರೆ ಸಾವಿರ ಟನ್ ಒಣ ಅಡಿಕೆಯಾಗುತ್ತದೆ. ನಮ್ಮ ದೇಶದ ವಾರ್ಷಿಕ ಉತ್ಪಾದನೆಯಾದರೋ ಹತ್ತು ಲಕ್ಷ ಟನ್ನಿಗೂ ಮಿಗಿಲು.
ಇನ್ನೊಂದು ವಿಷಯವೆಂದರೆ, ಭೂತಾನದೊಂದಿಗೆ ಭಾರತಕ್ಕೆ 1972ರಿಂದಲೂ ಪ್ರತ್ಯೇಕ ವ್ಯಾಪಾರ ಒಪ್ಪಂದವಿದೆ. ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾ ಜಾರಿಗೆ ಬಂದದ್ದು 2006ರಲ್ಲಿ. ಒಂದರ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಿಕೊಂಡರೆ ಭೂತಾನದ ಒಂದು ಲಾರಿಯೂ ನಿಲ್ಲುವುದಿಲ್ಲ.

ಅತ್ತೆ (ಜೋಗ), 8.40
ಅಣ್ಣ, ನಾನು ಮೂವತ್ತು ವರ್ಷ ವಿದ್ಯುದಾಗಾರದ ಕೆಲಸ ಮಾಡಿದವಳು. ಅಡಿಕೆಯ ಮಾತು ನಿನಗಿರಲಿ, ಭೂತಾನದ ವಿಷಯದಲ್ಲಿ ಎರಡು ಮಾತು ಹೇಳುತ್ತೇನೆ. ಅಲ್ಲಿಯ ತಾಲಾ ಜಲವಿದ್ಯುತ್ ಯೋಜನೆಯ ಸಾಮರ್ಥ್ಯ 1,020 ಮೆಗಾವಾಟ್, ಅಂದರೆ ಹೆಚ್ಚುಕಡಿಮೆ ನಮ್ಮ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರದಷ್ಟೇ. ಅದರ ವೆಚ್ಚವನ್ನು ಭಾರತವು 60 ಭಾಗ ಅನುದಾನವಾಗಿಯೂ 40 ಭಾಗ ಸಾಲವಾಗಿಯೂ ಕೊಟ್ಟಿತು. ಅವರು ಮಿಕ್ಕಿದ ವಿದ್ಯುತ್ತನ್ನು ನಮಗೇ ಮಾರಿ ಸಾಲ ತೀರಿಸುತ್ತಾರೆ. ಬೇಸಿಗೆಯಲ್ಲಿ ಹಿಮ ಕರಗಿ, ಆಮೇಲೆ ಮಳೆ ಸುರಿದು ಅವರ ನದಿಗಳು ತುಂಬುತ್ತವೆ. ಚಳಿಗಾಲದಲ್ಲಿ ನೀರಿಳಿದಾಗ ಅವರೇ ನಮ್ಮಿಂದ ವಿದ್ಯುತ್ ಕೊಳ್ಳುತ್ತಾರೆ. ನೆರೆಹೊರೆಯೆಂದರೆ ಇಂಥದ್ದು: ಒಬ್ಬರ ಕೊರತೆಯ ತಿಂಗಳು ಇನ್ನೊಬ್ಬರ ಹೆಚ್ಚುವರಿಯ ತಿಂಗಳಾಗಿರುತ್ತದೆ.
ಎಲ್ಲವೂ ಚಂದವೆಂದು ನಾನು ಹೇಳುತ್ತಿಲ್ಲ. 2019ರಲ್ಲಿ ಆರಂಭವಾದ 720 ಮೆಗಾವಾಟಿನ ಮಾಂಗ್ದೆಚ್ಚು ಯೋಜನೆಯ ಹೊತ್ತಿಗೆ ಅನುದಾನ 30ಕ್ಕಿಳಿದು ಸಾಲ 70ಕ್ಕೇರಿತ್ತು. ಪುನಾತ್ಸಾಂಗ್‌ಚ್ಚು ಒಂದನೇ ಹಂತದಲ್ಲಿ ಗುಡ್ಡವೇ ಜಾರಿ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ಸಾಲ ಬೆಳೆಯುತ್ತಿರುವ ಪುಟ್ಟ ದೇಶವೊಂದು ವಿದ್ಯುತ್ತಿನ ಜೊತೆಗೆ ಕಿತ್ತಳೆ, ಏಲಕ್ಕಿ, ಆಲೂಗಡ್ಡೆ, ಅಡಿಕೆಗಳನ್ನು ಮಾರಲು ಹೊರಟರೆ ಅದು ದ್ರೋಹವಾಗುತ್ತದೆಯೇ?

ದೊಡ್ಡಪ್ಪ (ಸಾಗರ), 9.10
ದ್ರೋಹವೆಂದು ನಾನೆಲ್ಲೂ ಬರೆದಿಲ್ಲ. ಆದರೆ ಕರೆಂಟಿನ ಋಣವನ್ನು ನನ್ನ ತೋಟದಿಂದ ತೀರಿಸುವುದೇಕೆ ಎಂಬ ಪ್ರಶ್ನೆಗೆ ನಿನ್ನಲ್ಲಿ ಉತ್ತರವಿಲ್ಲ. ಭೂತಾನದ ರೈತನ ಮೇಲೆ ನನಗೆ ದ್ವೇಷವಿಲ್ಲ. ಅವನ ಹೆಸರಿನಲ್ಲಿ ಬರ್ಮಾದ, ಇಂಡೊನೇಷ್ಯಾದ ಅಡಿಕೆ ಬರುತ್ತದೆಂಬುದೇ ನನ್ನ ಭಯ. ಈ ಭಯ ಸುಳ್ಳೆಂದು ಚೆನ್ನೈಯಲ್ಲಿ ಕುಳಿತು ಬಂದರಿನ ಕಾಗದಗಳನ್ನು ನೋಡುವ ನಮ್ಮ ಹುಡುಗ ಹೇಳಲಿ ನೋಡೋಣ.

ನಾನು (ಚೆನ್ನೈ), 9.55
ಸುಳ್ಳೆಂದು ಹೇಳಲಾರೆ, ದೊಡ್ಡಪ್ಪ. ನಿಮ್ಮ ಮನವಿ ಪತ್ರದಲ್ಲಿ ಇರಬೇಕಾದದ್ದೇ ಈ ಮಾತು.
ಅಡಿಕೆಯ ಮೇಲಿನ ಸಾಮಾನ್ಯ ಆಮದು ಸುಂಕ ಶೇ. 100. ಅದರ ಮೇಲೆ, ಕಿಲೋಗೆ 251 ರೂಪಾಯಿ ಇದ್ದ ಕನಿಷ್ಠ ಆಮದು ದರವನ್ನು (ಅದಕ್ಕಿಂತ ಅಗ್ಗದ ಮಾಲು ಒಳಗೆ ಬರುವಂತಿಲ್ಲ) 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಲಾಯಿತು. ಬೇಲಿ ಎತ್ತರವಾದಷ್ಟೂ ಕಂಡಿಯ ಬೆಲೆ ಹೆಚ್ಚುತ್ತದೆ: ಇಂಡೊನೇಷ್ಯಾದ ಅಡಿಕೆಗೆ ಶ್ರೀಲಂಕಾದ ಅಥವಾ ಬಾಂಗ್ಲಾದೇಶದ ‘ಮೂಲ ದೇಶದ ಪ್ರಮಾಣಪತ್ರ’ವೊಂದನ್ನು ಹೊಂದಿಸಿಕೊಂಡರೆ ಒಪ್ಪಂದದ ರಿಯಾಯಿತಿಯಿಂದ ಸುಂಕವೆಲ್ಲ ಉಳಿಯಿತಲ್ಲ. ನಮ್ಮ ಕಚೇರಿಯಲ್ಲಿ ಅದನ್ನು ಸಿಓಓ ಎನ್ನುತ್ತೇವೆ. ಎರಡು ಮೊಹರು, ಒಂದು ಸಹಿ, ಒಂದು ಸಂಖ್ಯೆ ಇರುವ ಒಂದೇ ಹಾಳೆ. ಮರದ ಮೇಲೆ ಯಾವ ಬಾವುಟವೂ ಇರುವುದಿಲ್ಲ, ಒಣಗಿದ ಗೋಟಡಿಕೆ ಯಾವ ದೇಶದ್ದೆಂದು ಬಂದರಿನಲ್ಲಿ ನಿಂತು ಮುಟ್ಟಿ ನೋಡಿ ಹೇಳುವವರು ಯಾರು?
ಕಾಳುಮೆಣಸಿನದೂ ಇದೇ ಕತೆ. 2000ದಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು, ಅದಕ್ಕಿಂತ ಹೆಚ್ಚಿನದಕ್ಕೆ ಸಾಫ್ಟಾದಡಿ ಶೇ. 8 ಸುಂಕ. ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಚೀಲ ಬದಲಿಸಿಕೊಂಡು ಬರುತ್ತದೆಂಬ ಕೊಡಗು, ಚಿಕ್ಕಮಗಳೂರಿನವರ ದೂರು ಜೋರಾದಾಗ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ದರ ಬಂತು. ಕಾಗದ ಪರೀಕ್ಷಿಸುವ ನಿಯಮವೂ 2020ರ ಸೆಪ್ಟೆಂಬರ್‌ನಿಂದ ಬಿಗಿಯಾಗಿದೆ. ಸಿಓಓ ತೋರಿಸಿದರಷ್ಟೇ ಸಾಲದು, ಸರಕು ಹೇಗೆ ಆ ದೇಶದ್ದಾಯಿತೆಂಬ ವಿವರವನ್ನೂ ಆಮದುದಾರನೇ ಇಟ್ಟುಕೊಂಡಿರಬೇಕು. ಮೋಸಕ್ಕೆ ಮದ್ದು ಇರುವುದು ಈ ನಿಯಮದಲ್ಲಿ, ಅದನ್ನು ಕಣ್ಣಿಟ್ಟು ಜಾರಿ ಮಾಡುವುದರಲ್ಲಿ. ಒಪ್ಪಂದವನ್ನೇ ಹರಿದು ಹಾಕಿದರೂ ಮ್ಯಾನ್ಮಾರ್‌ನಿಂದ ಮಿಜೋರಾಂನ ಚಂಪಾಯಿ ದಾರಿಯಾಗಿ ರಾತ್ರಿ ಸಾಗುವ ಮೂಟೆಗಳಿಗೆ ಏನೂ ಆಗುವುದಿಲ್ಲ, ಏಕೆಂದರೆ ಅವು ಯಾವ ಒಪ್ಪಂದವನ್ನೂ ಕೇಳಿಕೊಂಡು ಬರುವುದಿಲ್ಲ.

ಚಿಕ್ಕಪ್ಪ (ಕೋಲ್ಕತ್ತ), 10.30
ನನ್ನದೂ ಒಂದು ಮಾತಿದೆ, ಸ್ವಲ್ಪ ಉದ್ದವಾದರೆ ಮನ್ನಿಸಿ. ಬ್ಯಾಂಕಿನ ಕೆಲಸದ ಮೇಲೆ ನಾನು ಬಾಂಗ್ಲಾದೇಶದ ಕಡೆಗಿನ ಪೆಟ್ರಾಪೋಲ್ ಗಡಿಗೆ ಹಲವು ಸಲ ಹೋಗಿದ್ದೇನೆ. ಬನಗಾಂವ್ ಊರಿನೊಳಗಿನಿಂದಲೇ ಲಾರಿಗಳ ಸಾಲು ಶುರುವಾಗುತ್ತದೆ. ಚಾಲಕರು ಲಾರಿಯ ಕೆಳಗೆ ಒಲೆ ಹೂಡಿ ಅನ್ನ ಬೇಯಿಸುತ್ತಾರೆ, ಬಟ್ಟೆ ಒಗೆದು ಕನ್ನಡಿಯ ಕಂಬಿಗೆ ಒಣಹಾಕುತ್ತಾರೆ, ಏಕೆಂದರೆ ಸರದಿ ಬರಲು ದಿನಗಟ್ಟಲೆ ಬೇಕು. ಕೊನೆಗೆ ಲಾರಿ ಆಚೆಯ ಬೆನಾಪೋಲ್‌ಗೆ ಹೋಗಿ ಸರಕನ್ನು ಇಳಿಸಿ ಬರಿದಾಗಿ ಹಿಂತಿರುಗುತ್ತದೆ, ಅದೇ ಸರಕನ್ನು ಬಾಂಗ್ಲಾದೇಶದ ಇನ್ನೊಂದು ಲಾರಿಗೆ ತುಂಬುತ್ತಾರೆ. ಇದನ್ನು ತಪ್ಪಿಸಲು 2015ರ ಜೂನ್‌ನಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳಗಳು ಥಿಂಪುವಿನಲ್ಲಿ ವಾಹನ ಸಂಚಾರದ ಒಪ್ಪಂದಕ್ಕೆ ಸಹಿ ಹಾಕಿದವು. ಹೊರಗಿನ ಲಾರಿಗಳು ನುಗ್ಗಿ ತಮ್ಮ ಪರಿಸರವೂ ತಮ್ಮ ಲಾರಿಯವರ ಬಾಳೂ ಹಾಳಾಗುತ್ತದೆಂದು ಅಂಜಿದ ಭೂತಾನದ ಮೇಲ್ಮನೆ ಅದನ್ನು ಒಪ್ಪಲಿಲ್ಲ. ಅಣ್ಣಾ, ನಿನ್ನ ಭಯವೇ ಅವರಿಗೂ ಇದೆ, ನೋಡು.
ಇಂಥ ಅಡೆತಡೆಗಳ ಫಲವಾಗಿಯೇ ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ನಡೆಯುವುದು ಶೇ. 5ರಷ್ಟು ಮಾತ್ರ, ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳಲ್ಲಿ ಅದು ಕಾಲು ಭಾಗದ ಆಸುಪಾಸಿನಲ್ಲಿದೆ. 1986ರ ನವೆಂಬರ್‌ನಲ್ಲಿ ಸಾರ್ಕ್‌ನ ಎರಡನೆಯ ಶೃಂಗಸಭೆ ಬೆಂಗಳೂರಿನಲ್ಲೇ ನಡೆದಾಗ, ಆ ನಾಯಕರು ನಂದಿ ಬೆಟ್ಟಕ್ಕೆ ಹೋಗುತ್ತಾರೆಂದು ನಾವಿಬ್ಬರೂ ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿಟ್ಟಿದ್ದೆವು, ನೆನಪಿದೆಯೇ? ಅದೇ ಸಾರ್ಕ್‌ನ ಶೃಂಗಸಭೆ 2014ರ ಕಠ್ಮಂಡುವಿನ ನಂತರ ನಡೆದೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ನಮ್ಮ ನೂಲನ್ನು ಭೂಮಾರ್ಗದಲ್ಲಿ ತಡೆಯಿತು, ಮೇ ತಿಂಗಳಲ್ಲಿ ನಾವು ಅವರ ಸಿದ್ಧ ಉಡುಪನ್ನು ಭೂಮಾರ್ಗದಲ್ಲಿ ತಡೆದೆವು. ಹೊರಬರಬೇಕೆಂದು ಕೇಳಲು ಒಳಗೆ ಉಳಿದಿರುವುದೇ ಎಷ್ಟು?

ಅತ್ತೆ (ಜೋಗ), 10.48
ತಮ್ಮ, ಅಷ್ಟು ನಿರಾಶೆ ಬೇಡ. 2024ರ ನವೆಂಬರ್‌ನಲ್ಲಿ ನೇಪಾಳದ 40 ಮೆಗಾವಾಟ್ ವಿದ್ಯುತ್ತು ಮುಜಫ್ಫರಪುರದ ತಂತಿಯಲ್ಲಿ ಭಾರತಕ್ಕಿಳಿದು, ಬಹರಾಂಪುರದ ಮೂಲಕ ಬಾಂಗ್ಲಾದೇಶದ ಭೇರಾಮಾರಾ ತಲುಪಿತು. ಚಿಕ್ಕ ಪ್ರಮಾಣವೇ ಸರಿ. ಢಾಕಾದಲ್ಲಿ ಸರ್ಕಾರ ಬದಲಾಗಿ, ಮಾತು ಬಿಗುವಾಗಿದ್ದ ದಿನಗಳಲ್ಲೇ ಅದು ಹರಿಯಿತೆಂಬುದನ್ನು ಮರೆಯಬೇಡ.

ದೊಡ್ಡಪ್ಪ (ಸಾಗರ), 11.20
ಕೊನೆಗೊಳಿಸಿ ಕೆಲಸಕ್ಕೆ ಹೋಗುವೆ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಬಂದು ನಿಂತಿದ್ದಾನೆ. ‘ಹಸಿ’ ಎಂಬ ಪದವನ್ನು ನಾನೇ ಸೇರಿಸುತ್ತೇನೆ, ಏಕೆಂದರೆ ತಪ್ಪು ಲೆಕ್ಕ ಕೊಟ್ಟರೆ ಮೊದಲು ನಗುವವನು ಅಧಿಕಾರಿ. ಎಲ್ಲ ಒಪ್ಪಂದಗಳ ವಾಕ್ಯವನ್ನು ತೆಗೆದು ಸುಳ್ಳು ಪ್ರಮಾಣಪತ್ರದ ವಿಷಯ ಬರೆಯಿಸಲು ಪ್ರಯತ್ನಿಸುತ್ತೇನೆ, ಉಳಿದವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಅವರು ಒಪ್ಪದಿದ್ದರೂ ನಾನು ಸಹಿ ಹಾಕುವವನೇ. ಮಗಾ, ಆ 2020ರ ನಿಯಮದ ಪ್ರತಿಯನ್ನು ಸಂಜೆಯೊಳಗೆ ಕಳುಹಿಸು. ಇಂಗ್ಲಿಷಿನಲ್ಲಿದ್ದರೆ ಮುಖ್ಯವಾದುದನ್ನು ಕನ್ನಡದಲ್ಲಿ ಬರೆದು ಕಳುಹಿಸು.

ಅಕ್ಕ (ಚಿಕ್ಕಬಳ್ಳಾಪುರ), 11.26
ಆ ವಾಕ್ಯ ಹೋದರೆ ಮಾತ್ರ ನನ್ನ ಹೆಸರು ಸೇರಿಸಿ, ದೊಡ್ಡಪ್ಪ.