ಬಣವಿ ಸುಟ್ಟ ಲೆಕ್ಕ

ಗುಂಪು: ನಮ್ಮ ಮನೆತನ, ವಿಜಯಪುರ

ಕಾಕಾ: (ಫಾರ್ವರ್ಡ್) ಜರ್ಮನಿ ಮೊದಲ ಮಹಾಯುದ್ಧದ ದಂಡವನ್ನು 2010ರವರೆಗೂ ಕಟ್ಟಿತು! ನಾವು ಜಪಾನಿಗೆ ಒಂದು ಪೈಸೆ ಕೇಳಲಿಲ್ಲ. ನಿಜವಾದ ಭಾರತೀಯರಾದರೆ ಹತ್ತು ಗುಂಪಿಗೆ ಕಳಿಸಿ 🙏

ಕಾಕಾ: ಎಲ್ಲರೂ ಓದಿ. ಎಂಥ ದಡ್ಡರು ನಾವು!

ಅಣ್ಣ: ಖರೆ ಕಾಕಾ. ಅಂಡಮಾನ್ 1942ರಿಂದ ಮೂರು ವರ್ಷ ಜಪಾನಿನವರ ಕೈಯಲ್ಲಿತ್ತು. ಬರ್ಮಾದಿಂದ ನಮ್ಮ ಜನ ಕಾಡು ಹಾದು ನಡೆದುಕೊಂಡೇ ಬಂದರು. ಅದಕ್ಕೆ ಬೆಲೆ ಇಲ್ವಾ?

ನಾನು: ಕಾಕಾ, ಈ ಫಾರ್ವರ್ಡ್ ಅರ್ಧ ಮಾತ್ರ ಸರಿ. 1921ರಲ್ಲಿ ಜರ್ಮನಿ ಮೇಲೆ ಹೊರಿಸಿದ್ದು 13,200 ಕೋಟಿ ಚಿನ್ನದ ಮಾರ್ಕ್. ಕೊಡಬೇಕಾದದ್ದು ಬಾಕಿ ಬಿತ್ತು ಅಂತ 1923ರಲ್ಲಿ ಫ್ರಾನ್ಸ್, ಬೆಲ್ಜಿಯಂ ಸೈನ್ಯ ಜರ್ಮನಿಯ ರೂರ್ ಕಲ್ಲಿದ್ದಲು ಸೀಮೆಗೇ ನುಗ್ಗಿತು. ಅಲ್ಲಿ ಕೆಲಸ ನಿಂತಿತು. ಜರ್ಮನಿ ನೋಟು ಅಚ್ಚು ಹಾಕಿ ಹಾಕಿ ಆ ನೋಟೇ ರದ್ದಿ ಆಯಿತು. 1932ರಲ್ಲಿ ದಂಡ ವಸೂಲಿಯನ್ನೇ ಕೈಬಿಟ್ಟರು. 2010ರಲ್ಲಿ ತೀರಿದ್ದು ದಂಡ ಕಟ್ಟಲು ಎತ್ತಿದ್ದ ಹಳೇ ಸಾಲದ ಬಡ್ಡಿ.

ಕಾಕಾ: ಜರ್ಮನಿ ಬಿಡು. ನಮ್ಮದು ಹೇಳು.

ನಾನು: ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನ್ ಜೊತೆ ಶಾಂತಿ ಒಪ್ಪಂದಕ್ಕೆ ಅಂತ ಕರೆದ 1951ರ ಸ್ಯಾನ್ ಫ್ರಾನ್ಸಿಸ್ಕೋ ಸಭೆಗೆ ನೆಹರೂ ಸರ್ಕಾರ ಹೋಗಲೇ ಇಲ್ಲ. 1952ರ ಜೂನ್‌ನಲ್ಲಿ ಜಪಾನ್ ಜೊತೆ ಬೇರೆ ಒಪ್ಪಂದ ಮಾಡಿಕೊಂಡು, ಪರಿಹಾರ ಬೇಡ ಅಂತ ಬರೆದುಕೊಟ್ಟಿತು. ಸೋತು ಬಿದ್ದವನ ಕಿಸೆಗೆ ಕೈ ಹಾಕುವುದಕ್ಕಿಂತ ಗೆಳೆತನ ಲೇಸು ಅಂತ ನನಗೂ ಅನ್ನಿಸುತ್ತದೆ. 1958ರಲ್ಲಿ ಜಪಾನ್ ತನ್ನ ಮೊದಲ ಯೆನ್ ಸಾಲ ಕೊಟ್ಟಿದ್ದು ನಮಗೇ.

ವೈನಿ: ಸಾಲ ತಿರುಗಿ ಕೊಡಬೇಕಲ್ರೀ? ಅದೇನು ಉಪಕಾರ?

ನಾನು: 😄 ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ವೈನಿ.

ಅಕ್ಕ: ಬರ್ಮಾ ಹಟ ಹಿಡಿದು 20 ಕೋಟಿ ಡಾಲರ್ ತಗೊಂಡಿತು. ಫಿಲಿಪೈನ್ಸ್ 55 ಕೋಟಿ. ಆದರೆ ರೊಕ್ಕ ಕೈಗೆ ಬರಲಿಲ್ಲ. ಯಂತ್ರ, ಸಾಮಾನು, ಎಂಜಿನಿಯರ್‌ಗಳ ರೂಪದಲ್ಲಿ ಬಂತು. ಬರ್ಮಾದ ಬಲೂಚಾಂಗ್ ವಿದ್ಯುತ್ ಕೇಂದ್ರ ಎದ್ದಿದ್ದು ಹಾಗೆ. ಜಪಾನಿನ ಕಂಪನಿಗಳಿಗೂ ಕೆಲಸ ಸಿಕ್ಕಿತು ಅನ್ನಿ.

ಅಣ್ಣ: ಅಂದರೆ ನಮ್ಮ ಬಣವಿ ಲೆಕ್ಕ!

ಕಾಕಾ: ಬರೋಬ್ಬರಿ ಹೇಳಿದೆ. ಪಕ್ಕದ ಹೊಲದವನು ಬದುವಿನ ಕಸಕ್ಕೆ ಹಚ್ಚಿದ ಬೆಂಕಿ ನಮ್ಮ ಕಣಿಕೆ ಬಣವಿಗೆ ಹತ್ತಿತ್ತು. ಅವನ ಹತ್ತಿರ ರೊಕ್ಕ ಎಲ್ಲಿತ್ತು? ಅಪ್ಪ ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತು ರಾಜಿ ಮಾಡಿದರು. ಎರಡು ಹಂಗಾಮು ಅವನ ಎತ್ತು ನಮ್ಮ ಹೊಲದಲ್ಲಿ ಗಳೆ ಹೊಡೆದವು. ಸುಮ್ನೆ ಬಿಟ್ಟುಕೊಡಲಿಲ್ಲ ನಾವು!

ಅತ್ತಿ: ಏ ತಮ್ಮಾ, ಪೂರಾ ಹೇಳು. ಆ ಬ್ಯಾಸಗಿಗೆ ಮೇವಿಲ್ಲದೆ ಅವ್ವನ ಎಮ್ಮೆ ಮಾರಿದ್ದು ಮರೆತೆಯಾ? ಅವಳು ಹಾಲು ಮಾರಿ ಕೂಡಿಟ್ಟು ತಂದಿದ್ದ ಎಮ್ಮೆ. ಕಟ್ಟೆ ಮೇಲೆ ಅವಳನ್ನು ಯಾರು ಕರೆದರು?

ಅಕ್ಕ: ದಕ್ಷಿಣ ಕೊರಿಯಾದಲ್ಲೂ ಇದೇ ಗೋಳು ಅತ್ತಿ. 1965ರಲ್ಲಿ ಜಪಾನ್ 30 ಕೋಟಿ ಡಾಲರ್ ಹಾಗೇ ಕೊಟ್ಟಿತು, ಮೇಲೆ 20 ಕೋಟಿ ಸಾಲ. ಅದರಲ್ಲಿ ಒಂದು ಪಾಲು ಪೊಹಾಂಗ್ ಉಕ್ಕಿನ ಕಾರ್ಖಾನೆಗೆ ಹೋಯಿತು. ಯುದ್ಧದಲ್ಲಿ ಜಪಾನಿನವರ ಒತ್ತಾಯಕ್ಕೆ ದುಡಿದವರು ಮುದುಕರಾಗುವವರೆಗೂ ಕೋರ್ಟಿಗೆ ಅಲೆದರು. ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿದ್ದು 2018ರಲ್ಲಿ.

ಅಣ್ಣ: ಅಂಡಮಾನಿನವರ ಪರವಾಗಿ ದಿಲ್ಲಿಯವರು ಬೇಡ ಅಂದ ಹಾಗೆ.

ನಾನು: ಹ್ಞೂಂ. ಗೆಳೆತನದ ಮಾತು ಹೇಳುವಾಗ ನಾನು ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕಾಕಾ: ಎಮ್ಮೆ ಎಷ್ಟಕ್ಕೆ ಹೋಯಿತು ಅಕ್ಕಾ? ನಾನು ಆಗ ಸಣ್ಣವನು.

ಅತ್ತಿ: 310 ರೂಪಾಯಿಗೆ, ಇಂಡಿ ಸಂತೆಯಲ್ಲಿ. ಕೊಂಡವನು ಯಾರು ಗೊತ್ತಾ? ರೊಕ್ಕ ಇಲ್ಲ ಅಂತ ಕಟ್ಟೆ ಮೇಲೆ ಕೈ ಮುಗಿದಿದ್ದನಲ್ಲ, ಅವನೇ.